ವಾರ್ಡಿನ ಕಂಪ್ಯೂಟರ್ ಟ್ರಾಲಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕದಲ್ಲೇ ಎಂಟ್ರಿ ಮಾಡಲಿ ಎಂದು ಗಾಲಿ ಇರುವ ಕಂಪ್ಯೂಟರ್ ಟ್ರಾಲಿ ಕೊಟ್ಟಿದ್ದಾರೆ. ತಳ್ಳಲಾಗದೆ ಸಿಸ್ಟರ್‌ಗಳು ಅದನ್ನು ಮೂಲೆಗೆ ನಿಲ್ಲಿಸಿದ್ದಾರೆ. ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಬಂದು ಆಮೇಲೆ ಟೈಪ್ ಮಾಡುತ್ತಾರೆ. ಹೊಸದು ಮಾಡಿಸುವಾಗ ಏನೇನು ನೋಡಬೇಕು?
– ವಾರ್ಡ್ ಇನ್‌ಚಾರ್ಜ್, ದಾವಣಗೆರೆ

ಉತ್ತರ: ಮೊದಲೇ ಹೇಳಿಬಿಡುತ್ತೇವೆ, ಇದು ಸಿಸ್ಟರ್‌ಗಳ ಸೋಮಾರಿತನವಲ್ಲ, ಟ್ರಾಲಿಯ ದೋಷ. ಆದರೆ ಚೀಟಿಯ ಅಭ್ಯಾಸವನ್ನು ಹಾಗೇ ಬಿಡಬೇಡಿ. ನಾಲ್ಕನೇ ಹಾಸಿಗೆಯ ಬಿಪಿ ಐದನೆಯವರ ಹೆಸರಿಗೆ ಏರುವುದು ಇಲ್ಲೇ. ಎಂಟು ಗಂಟೆಗೆ ಕೊಟ್ಟ ಔಷಧಿ ಒಂಬತ್ತೂವರೆಗೆ ದಾಖಲಾದರೆ, ನಡುವೆ ಶಿಫ್ಟ್ ಬದಲಾದಾಗ ಅದೇ ಔಷಧಿ ಎರಡನೇ ಸಲ ಬೀಳಬಹುದು.

ಹಳೆಯ ಟ್ರಾಲಿಯನ್ನು ಮಗುಚಿ ಗಾಲಿ ನೋಡಿ. ಅಚ್ಚಿಗೆ ಕೂದಲು, ಗಾಜ್ ಬಟ್ಟೆಯ ದಾರ, ಪ್ಲಾಸ್ಟರಿನ ಅಂಟು ಸುತ್ತಿಕೊಂಡಿರುತ್ತದೆ. ಅದನ್ನು ಬಿಡಿಸಿ, ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಹಿಡಿಕೆಗೆ ಕಟ್ಟಿ ನಿಧಾನವಾಗಿ ಎಳೆಯಿರಿ. ಟ್ರಾಲಿ ಕದಲುವ ಕ್ಷಣದ ಅಂಕಿಯನ್ನು ಬರೆದುಕೊಳ್ಳಿ. ಗಾಲಿಗಳು ಅಡ್ಡ ತಿರುಗಿ ನಿಂತಾಗಲೂ ಅಳೆಯಿರಿ, ಹೆಚ್ಚು ಬಲ ಬೇಡುವುದು ಆಗಲೇ. ನಮ್ಮ ಲೆಕ್ಕದಲ್ಲಿ 5 ಕೆ.ಜಿ. ಒಳಗಿದ್ದರೆ ಸರಿ. 8 ದಾಟಿದರೆ ಇಡೀ ಶಿಫ್ಟ್ ಅದನ್ನು ತಳ್ಳಲು ಯಾರಿಂದಲೂ ಆಗದು.

ಹೊಸದಕ್ಕೆ 125 ಮಿ.ಮೀ. (ಸುಮಾರು ಐದು ಇಂಚು) ಗಾಲಿಯನ್ನೇ ಕೇಳಿ. ಎರಡು, ಮೂರು ಇಂಚಿನ ಗಾಲಿ ಹೊಸ್ತಿಲಲ್ಲಿ, ಟೈಲ್ಸ್ ಸಂದಿಯಲ್ಲಿ, ನೆಲದ ವೈರಿನ ಮೇಲೆ ಮುಗ್ಗರಿಸುತ್ತದೆ. ಪಾಲಿಯುರಿಥೇನ್ ಹೊದಿಕೆ, ಸೀಲ್ ಮಾಡಿದ ಬಾಲ್ ಬೇರಿಂಗ್, ದಾರ ಒಳಹೋಗದಂತೆ ತಡೆಯುವ ಮುಚ್ಚಳ ಇರಲಿ. ಕಾಲಿಗೆ ಸಿಗುವಂತೆ ಹಿಡಿಕೆ ಬದಿಯ ಎರಡು ಗಾಲಿಗಾದರೂ ಬ್ರೇಕ್ ಬೇಕೇ ಬೇಕು.

ಎತ್ತರವನ್ನು ಕ್ಯಾಟಲಾಗ್ ನೋಡಿ ನಿರ್ಧರಿಸಬೇಡಿ. ಡ್ಯೂಟಿ ಚಪ್ಪಲಿ ಹಾಕಿ ನಿಂತು, ಮೊಣಕೈಯನ್ನು ತೊಂಬತ್ತು ಡಿಗ್ರಿ ಮಡಿಸಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. 152 ಸೆಂ.ಮೀ. ಎತ್ತರದವರಿಗೆ ಅದು ಸುಮಾರು 96, 175 ಸೆಂ.ಮೀ. ಇರುವ ಬ್ರದರ್‌ಗೆ ಸುಮಾರು 110 ಬರುತ್ತದೆ. ಕೀಬೋರ್ಡ್ ಇದಕ್ಕಿಂತ ಎರಡರಿಂದ ಐದು ಸೆಂ.ಮೀ. ಕೆಳಗಿರಬೇಕು. ಇನ್ನೂ ಗಿಡ್ಡಗಿರುವವರನ್ನೂ ಲೆಕ್ಕಕ್ಕೆ ಹಿಡಿದರೆ 88ರಿಂದ 108 ಸೆಂ.ಮೀ.ವರೆಗೆ ಒಂದೇ ಕೈಯಲ್ಲಿ ಏರಿಳಿಸಬಹುದಾದ ಗ್ಯಾಸ್ ಸ್ಪ್ರಿಂಗ್ ಹಲಗೆ ಬೇಕು. ಒಂದೇ ಎತ್ತರಕ್ಕೆ ಬೆಸುಗೆ ಹಾಕಿದ ಟ್ರಾಲಿಯಲ್ಲಿ ಗಿಡ್ಡಗಿರುವವರು ಭುಜ ಎತ್ತಿಕೊಂಡೇ ಟೈಪ್ ಮಾಡುತ್ತಾರೆ, ಕುತ್ತಿಗೆ ನೋವಿನ ಮೂಲ ಅದೇ.

ಅಗಲ ಎಷ್ಟಿರಬೇಕೆಂದು ಮಂಚಗಳ ನಡುವೆ ಅಳೆಯುವುದಾದರೆ ಸಂಜೆ ನೋಡಲು ಬರುವವರ ಹೊತ್ತಿನಲ್ಲೇ ಅಳೆಯಿರಿ. ಜೊತೆಗಿರುವವರ ಸ್ಟೂಲು, ಚಾಪೆ, ಬುತ್ತಿ ಚೀಲ ಎಲ್ಲ ಇದ್ದಾಗ ಉಳಿಯುವುದೇ ನಿಮಗೆ ನಿಜವಾಗಿ ಸಿಗುವ ದಾರಿ.

ಪ್ರಶ್ನೆ: ಟ್ರಾಲಿಯ ಬ್ಯಾಟರಿ ಎರಡು ಗಂಟೆಯೂ ಬರುವುದಿಲ್ಲ. 12 ವೋಲ್ಟ್, 26 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿ ಇದೆ. ಇನ್ನೂ ದೊಡ್ಡದು ಹಾಕಬೇಕೇ?
– ಬಯೋಮೆಡಿಕಲ್ ಟೆಕ್ನೀಷಿಯನ್, ಚಿತ್ರದುರ್ಗ

ಉತ್ತರ: ಬೇಡ, ತೂಕ ಏರಿ ಮೇಲಿನ ಸಮಸ್ಯೆ ನಿಮಗೂ ಬರುತ್ತದೆ. ಲೆಕ್ಕ ಹಾಕಿ. 12 × 26 = 312 ವ್ಯಾಟ್-ಅವರ್. ಲೆಡ್ ಆಸಿಡ್ ಬಾಳಬೇಕಾದರೆ ಅರ್ಧ ಮಾತ್ರ ಬಳಸಬೇಕು, ಉಳಿದದ್ದು 156. ಇನ್ವರ್ಟರ್ ನಷ್ಟ ಕಳೆದರೆ ಸುಮಾರು 130. ಟವರ್ ಸಿಪಿಯು ಮತ್ತು ಮಾನಿಟರ್ ಸೇರಿ 70 ವ್ಯಾಟ್ ಎಳೆದರೆ ಎರಡು ಗಂಟೆಗೂ ಕಡಿಮೆ. ನಿಮ್ಮ ಬ್ಯಾಟರಿ ಕೆಟ್ಟಿಲ್ಲದೆಯೂ ಇರಬಹುದು.

ಮೊದಲು ಸಿಪಿಯು ಬದಲಿಸಿ. ಫ್ಯಾನ್ ಇಲ್ಲದ ಮಿನಿ ಪಿಸಿ, ಬೆಳಕು ತಗ್ಗಿಸಿದ ಮಾನಿಟರ್ ಸೇರಿ 35 ವ್ಯಾಟಿಗೆ ಇಳಿಸಬಹುದು. ಆಮೇಲೆ 12.8 ವೋಲ್ಟ್, 30 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿ. 384 ವ್ಯಾಟ್-ಅವರ್‌ನಲ್ಲಿ ಶೇ. 85 ಬಳಸಿ, ಇನ್ವರ್ಟರ್ ಬದಲು ಡಿಸಿ-ಡಿಸಿ ಕನ್ವರ್ಟರ್ (ಬ್ಯಾಟರಿಯ ಕರೆಂಟನ್ನು ಎಸಿಗೆ ತಿರುಗಿಸದೆ ನೇರ ಕೊಡುವ ಸಾಧನ) ಇಟ್ಟರೆ ಎಂಟು ಗಂಟೆಯ ಶಿಫ್ಟ್ ದಾಟುತ್ತದೆ. ತೂಕ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಳೆಯ ಚಾರ್ಜರನ್ನು ಮಾತ್ರ ಇದಕ್ಕೆ ಹಾಕಬೇಡಿ, ಲಿಥಿಯಂನದೇ ಚಾರ್ಜರ್ ಬೇಕು.

ಹಣ ಸಾಲದೆ ಲೆಡ್ ಆಸಿಡ್ಡನ್ನೇ ಉಳಿಸಿಕೊಂಡರೆ ಚಾರ್ಜ್ ಮಾಡುವ ಜಾಗ ತಂಪಾಗಿರಲಿ. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಅದರ ಆಯಸ್ಸು ಸುಮಾರು ಅರ್ಧವಾಗುತ್ತದೆ. ದುರ್ಗದ ಏಪ್ರಿಲ್ ಬಿಸಿಲು ಬೀಳುವ ಗೋಡೆಯ ಪಕ್ಕ ನಿಲ್ಲಿಸಿದರೆ ವರ್ಷಕ್ಕೊಂದು ಬ್ಯಾಟರಿ ಖಾತ್ರಿ. ಇನ್ನೊಂದು: ಸಕ್ಷನ್ ಮೆಷಿನ್ ಅಥವಾ ಇನ್‌ಫ್ಯೂಷನ್ ಪಂಪನ್ನು ಟ್ರಾಲಿಯ ಸಾಕೆಟ್ಟಿಗೆ ಎಂದೂ ಚುಚ್ಚಬೇಡಿ.

ಪ್ರಶ್ನೆ: ನಮ್ಮದು ಫ್ಯಾಬ್ರಿಕೇಷನ್ ಶೆಡ್. ಹತ್ತು ಟ್ರಾಲಿಗೆ ಆರ್ಡರ್ ಬಂದಿದೆ. ಮಗುಚಿ ಬೀಳದಂತೆ ತಳ ಹೇಗಿರಬೇಕು?
– ಓದುಗರು, ಹರಿಹರ

ಉತ್ತರ: ಸುಮಾರು 50 × 55 ಸೆಂ.ಮೀ. ತಳದಿಂದ ಶುರು ಮಾಡಿ, ಬ್ಯಾಟರಿ ಗಾಲಿಗಳ ಮಟ್ಟಕ್ಕೆ ಹತ್ತಿರವಾಗುವಷ್ಟು ಕೆಳಗಿರಲಿ. ಪರೀಕ್ಷೆ ಹೀಗೆ: ಒಂದು ಮೀಟರ್ ಹಲಗೆಯ ತುದಿಯನ್ನು 17.5 ಸೆಂ.ಮೀ. ಎತ್ತಿದರೆ ಹತ್ತು ಡಿಗ್ರಿ ಇಳಿಜಾರು. ಟ್ರಾಲಿಯ ಕೀಬೋರ್ಡ್ ಹಲಗೆ ಎತ್ತರಿಸಿ, ಡ್ರಾಯರ್ ಎಳೆದು, ಮಾನಿಟರ್ ತೋಳು ಚಾಚಿ, ಬ್ರೇಕ್ ಹಾಕಿ ಆ ಇಳಿಜಾರಿನ ಮೇಲೆ ನಾಲ್ಕೂ ದಿಕ್ಕಿಗೆ ನಿಲ್ಲಿಸಿ. ಬಿದ್ದರೆ ಕಬ್ಬಿಣದ ತೂಕ ಸೇರಿಸಬೇಡಿ, ತಳ ಅಗಲ ಮಾಡಿ. ಮೂಲೆಗಳನ್ನು ದುಂಡಗೆ ಮಾಡಿ. ಸೋಂಕು ತೆಗೆಯಲು ಒರೆಸುವ ಹೈಪೋಕ್ಲೋರೈಟ್ ದ್ರಾವಣ ಪೌಡರ್ ಕೋಟಿಂಗ್ ಬಿಟ್ಟ ಅಂಚಿನಲ್ಲಿ ತುಕ್ಕು ಹಿಡಿಸುತ್ತದೆ, ಸ್ಟೀಲನ್ನೂ ಬಿಡುವುದಿಲ್ಲ. ಒರೆಸಿದ ಹತ್ತು ನಿಮಿಷಕ್ಕೆ ನೀರಿನ ಬಟ್ಟೆಯಿಂದ ಮತ್ತೆ ಒರೆಸಬೇಕೆಂದು ಟ್ರಾಲಿಯ ಮೇಲೇ ಬರೆದು ಅಂಟಿಸಿ. ಹತ್ತನ್ನೂ ಒಟ್ಟಿಗೆ ಕತ್ತರಿಸುವ ಮೊದಲು ಪ್ಲೈವುಡ್ಡಿನ ಒಂದು ಮಾದರಿಯನ್ನು ವಾರ್ಡಿನಲ್ಲಿ ಒಂದು ಹಗಲು, ಒಂದು ರಾತ್ರಿ ಬಿಟ್ಟು ಬನ್ನಿ.

ಪ್ರಶ್ನೆ: ರಾತ್ರಿ ಮಾನಿಟರ್ ಬೆಳಕಿಗೆ ರೋಗಿಗಳು ಎಚ್ಚರವಾಗುತ್ತಾರೆ. ಆರಿಸಿದರೆ ಕೀ ಕಾಣುವುದಿಲ್ಲ.
– ಸ್ಟಾಫ್ ನರ್ಸ್, ಹಿರಿಯೂರು

ಉತ್ತರ: ಮಾನಿಟರಿನ ಬೆಳಕನ್ನು ಪೂರ್ತಿ ತಗ್ಗಿಸಿ, ಅದರ ಕೆಳ ಅಂಚಿಗೆ ಕೀಬೋರ್ಡಿನ ಮೇಲಷ್ಟೇ ಬೀಳುವಂತೆ ಹಳದಿ ಬೆಳಕಿನ ಚಿಕ್ಕ ಎಲ್ಇಡಿ ಪಟ್ಟಿ ಅಂಟಿಸಿ. ಮಾನಿಟರಿನ ಪರದೆ ಗೋಡೆಯ ಕಡೆ ಮುಖ ಮಾಡಿರಲಿ. ಪಕ್ಕದ ಹಾಸಿಗೆಯವರು ಇನ್ನೊಬ್ಬರ ವರದಿ ಓದುವುದೂ ಆಗ ತಪ್ಪುತ್ತದೆ.