ವಿಂಡೋಸ್ 11 ಹಾಕಿದ ಮೇಲೆ ಗೇಮ್ ನಡುವೆ ಕಂಪ್ಯೂಟರ್ ರೀಸ್ಟಾರ್ಟ್: ದೋಷ ಎಲ್ಲಿದೆ?

ಪ್ರಶ್ನೆ: ವಾರದ ಹಿಂದೆ ಅಂಗಡಿಯಲ್ಲಿ ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಮದರ್‌ಬೋರ್ಡ್ ತಂತ್ರಾಂಶ) ಅಪ್‌ಡೇಟ್ ಮಾಡಿಸಿ, ವಿಂಡೋಸ್ 11 ಕೇಳುವ ಭದ್ರತಾ ಘಟಕ ಟಿಪಿಎಂ ಆನ್ ಮಾಡಿಸಿ, ವಿಂಡೋಸ್ 10ರಿಂದ 11ಕ್ಕೆ ಬಂದೆ. ಈಗ ಯಾವ ಗೇಮ್ ಆಡಿದರೂ 15–20 ನಿಮಿಷಕ್ಕೆ ಪರದೆ ಕಪ್ಪಾಗಿ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಸಿನಿಮಾ, ಬ್ರೌಸರ್‌ಗೆ ತೊಂದರೆಯಿಲ್ಲ. ರೈಜೆನ್ 5 3600 ಪ್ರೊಸೆಸರ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 8 ಜಿಬಿಯ ಎರಡು 3200 ರ‍್ಯಾಮ್, 450 ವ್ಯಾಟ್ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗೆ ವಿದ್ಯುತ್ ಹಂಚುವ ಪೆಟ್ಟಿಗೆ), 600 ವಿಎ ಯುಪಿಎಸ್ ಇವೆ. ಹಳೆಯ ವಿಂಡೋಸ್‌ಗೇ ಮರಳಲೇ?
– ಓದುಗರು, ಶಿರಾ, ತುಮಕೂರು ಜಿಲ್ಲೆ

ಉತ್ತರ: ಈಗಲೇ ಮರಳಬೇಡಿ. ಆ ದಿನ ನಿಮ್ಮ ಕಂಪ್ಯೂಟರ್‌ನಲ್ಲಿ ಬದಲಾದದ್ದು ವಿಂಡೋಸ್ ಒಂದೇ ಅಲ್ಲ. ಬಯೋಸ್ ಹೊಸದಾದಾಗ ಫ್ಯಾನ್ ಮತ್ತು ರ‍್ಯಾಮ್ ವೇಗದ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ಗ್ರಾಫಿಕ್ಸ್ ಡ್ರೈವರ್ ಕೂಡ ಬದಲಾಗಿರಬಹುದು. 'ಗೋ ಬ್ಯಾಕ್' ಒತ್ತಿದರೆ ವಿಂಡೋಸ್ ಹಿಂದಕ್ಕೆ ಹೋಗುತ್ತದೆಯೇ ಹೊರತು ಬಯೋಸ್ ಹೋಗುವುದಿಲ್ಲ. ಮೇಲಾಗಿ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಆದರೂ ದಾರಿ ತೆರೆದಿರಲಿ: ಮರಳಲು ಇರುವ ಅವಕಾಶ 10 ದಿನ ಮಾತ್ರ, ಅದು ಮುಗಿಯುವ ತನಕ ಸಿ ಡ್ರೈವ್‌ನ ವಿಂಡೋಸ್.ಓಲ್ಡ್ ಫೋಲ್ಡರ್ ಅಳಿಸಬೇಡಿ.

ಮೊದಲು ಕಂಪ್ಯೂಟರ್ ಏನು ಬರೆದಿಟ್ಟುಕೊಂಡಿದೆ ಎಂದು ಓದಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಇವೆಂಟ್ ವ್ಯೂವರ್ ತೆರೆಯಿರಿ, ವಿಂಡೋಸ್ ಲಾಗ್ಸ್‌ನಲ್ಲಿ ಸಿಸ್ಟಮ್‌ಗೆ ಹೋಗಿ. ರೀಸ್ಟಾರ್ಟ್ ಆದ ಹೊತ್ತಿನಲ್ಲಿ 'ಕರ್ನಲ್ ಪವರ್ 41' ಎಂಬ ನಮೂದು ಇದ್ದೇ ಇರುತ್ತದೆ. ಇದನ್ನು ನೋಡಿದ ಕೂಡಲೇ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ತೀರ್ಮಾನಿಸುವವರು ಬಹಳ. ಅದು ತಪ್ಪು. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂಬುದಷ್ಟೇ ಅದರ ಅರ್ಥ. ಕಾರಣದ ಸುಳಿವು ಅದರ ಡೀಟೇಲ್ಸ್ ಭಾಗದ 'ಬಗ್‌ಚೆಕ್ ಕೋಡ್'ನಲ್ಲಿದೆ. ಅಲ್ಲಿ 278 ಇದ್ದರೆ ಗ್ರಾಫಿಕ್ಸ್ ಡ್ರೈವರ್ ಅಥವಾ ಕಾರ್ಡ್ ಸ್ಪಂದಿಸಲಿಲ್ಲ. 292 ಇದ್ದರೆ ಪ್ರೊಸೆಸರ್, ವೋಲ್ಟೇಜ್‌ನಂಥ ಹಾರ್ಡ್‌ವೇರ್ ದೋಷ. 26 ಇದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಸೊನ್ನೆ ಇದ್ದರೆ ವಿಂಡೋಸ್‌ಗೆ ಬರೆಯಲೂ ಸಮಯ ಸಿಕ್ಕಿಲ್ಲ. ಕರೆಂಟ್ ಕಡಿತವಾಗಿದೆ, ಇಲ್ಲವೇ ಯಂತ್ರ ಪೂರ್ತಿ ಸ್ತಬ್ಧವಾಗಿದೆ.

ಸೊನ್ನೆ ಬಂದರೆ ಯುಪಿಎಸ್‌ನಿಂದ ಶುರು ಮಾಡಿ. 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ಸಿನಿಮಾ ನೋಡುವಾಗ ನಿಮ್ಮ ಕಂಪ್ಯೂಟರ್ ಎಳೆಯುವುದು ಅದರ ಕಾಲು ಭಾಗವೂ ಇರಲಿಕ್ಕಿಲ್ಲ. ಗೇಮ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಒಂದೇ 125 ವ್ಯಾಟ್, ಪ್ರೊಸೆಸರ್ 88ರವರೆಗೆ. ಫ್ಯಾನ್, ಡಿಸ್ಕ್, ಮಾನಿಟರ್, ಎಸ್‌ಎಂಪಿಎಸ್‌ನಲ್ಲೇ ಹೋಗುವ ನಷ್ಟ ಸೇರಿದರೆ 300ರ ಹತ್ತಿರ. ವೋಲ್ಟೇಜ್ ಇಳಿದಾಗಲೆಲ್ಲ ಯುಪಿಎಸ್ ಟಕ್ ಎಂದು ಬ್ಯಾಟರಿಗೆ ತಿರುಗುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಅಷ್ಟು ಹೊರೆಗೆ ಅಲ್ಲೇ ಕೈಕೊಡುತ್ತದೆ. ಗುರುತಿಸುವುದು ಸುಲಭ: ಮಾನಿಟರ್ ಕೂಡ ಅದೇ ಯುಪಿಎಸ್‌ನಲ್ಲಿದ್ದು, ಅದರ ದೀಪವೂ ಆರಿದರೆ ದೋಷ ಯುಪಿಎಸ್ ಕಡೆಯದು. ದೀಪ ಉರಿಯುತ್ತಿದ್ದು 'ನೋ ಸಿಗ್ನಲ್' ಎಂದರೆ ದೋಷ ಕ್ಯಾಬಿನೆಟ್ ಒಳಗಿದೆ. ಒಮ್ಮೆ ಯುಪಿಎಸ್ ಬಿಟ್ಟು, ಅರ್ಥಿಂಗ್ ಸರಿಯಿರುವ ಗೋಡೆಯ ಸಾಕೆಟ್‌ಗೆ ನೇರ ಹಾಕಿ ಒಂದು ಗಂಟೆ ಆಡಿ ನೋಡಿ.

15–20 ನಿಮಿಷ ಎಂಬ ಲೆಕ್ಕ ಬಿಸಿಯನ್ನೂ ತೋರಿಸುತ್ತದೆ. ಬಯೋಸ್‌ನಲ್ಲಿ ಫ್ಯಾನ್ ಸೆಟ್ಟಿಂಗ್ ಅಳಿದಿದ್ದರೆ ಇದು ಸಹಜ, ಶಿರಾದ ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಬಿಸಿ ಎಷ್ಟಿದೆ ಎಂದು ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದಿಟ್ಟು ಆಡಿ. ನಿಮ್ಮ ಪ್ರೊಸೆಸರ್‌ಗೆ ಗರಿಷ್ಠ ಮಿತಿ 95 ಡಿಗ್ರಿ. ಕಾರ್ಡ್ 85ರ ಆಸುಪಾಸು ಹೋಗುತ್ತಿದ್ದರೆ ಕ್ಯಾಬಿನೆಟ್ ಧೂಳು ತೆಗೆಸಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ತಡೆಯಿರಿ.

26 ಅಥವಾ 292 ಬಂದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ಅನ್ನು ಮೂಲ ವೇಗಕ್ಕಿಂತ ಹೆಚ್ಚು ಓಡಿಸುವ ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ. ಬೋರ್ಡ್ ಬದಲಾದಂತೆ ಇದನ್ನೇ ಡಿಒಸಿಪಿ ಎಂದೂ ಕರೆಯುತ್ತಾರೆ. ರ‍್ಯಾಮ್ 3200ರ ಬದಲು ತನ್ನ ಮೂಲ ವೇಗಕ್ಕೆ ಇಳಿಯುತ್ತದೆ. ಕ್ರ್ಯಾಶ್ ನಿಂತರೆ 3000ಕ್ಕೆ ಏರಿಸಿ ನೋಡಿ. ನಿಲ್ಲದಿದ್ದರೆ ಒಂದೊಂದೇ ಸ್ಟಿಕ್ ಇಟ್ಟು ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಬಯೋಸ್ ಮುಟ್ಟುವ ಮುನ್ನ ದಯವಿಟ್ಟು ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕ್‌ನ ಮಾಹಿತಿಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯೇ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಕೀ ಕೇಳಿದಾಗ ಇಲ್ಲದಿದ್ದರೆ ಫೋಟೊ, ಫೈಲ್ ಎಲ್ಲ ಹೋದಂತೆಯೇ. ಟಿಪಿಎಂ ಆಫ್ ಮಾಡಬೇಡಿ.

278 ಬಂದರೆ ಹಳೆಯ ಡ್ರೈವರ್ ಮೇಲೆಯೇ ಹೊಸದು ಹಾಕಿದರೆ ಸಾಲದು. ಎನ್‌ವಿಡಿಯಾ ತಾಣದಿಂದ ಡ್ರೈವರ್ ಮೊದಲೇ ಇಳಿಸಿಟ್ಟುಕೊಂಡು, ಇಂಟರ್ನೆಟ್ ಕಿತ್ತು, ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ಡ್ರೈವರ್ ತೆಗೆಯುವ ತಂತ್ರಾಂಶ ಓಡಿಸಿ ಹಳೆಯದನ್ನು ಬೇರುಸಹಿತ ತೆಗೆಯಿರಿ. ನಂತರ ಹೊಸದು ಹಾಕಿ. ಇಂಟರ್ನೆಟ್ ಇದ್ದರೆ ನಡುವೆ ವಿಂಡೋಸ್ ಅಪ್‌ಡೇಟ್ ತನ್ನ ಡ್ರೈವರ್ ತುರುಕಿಬಿಡುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನಡುವೆ ಕನಿಷ್ಠ ಒಂದು ಗಂಟೆ ಆಡಿ. ನಾಲ್ಕೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದೇ ತಿಳಿಯದು.

ಇದೆಲ್ಲ ಆಗಿಯೂ ಕೋಡ್ ಸೊನ್ನೆಯೇ ಬರುತ್ತಿದ್ದರೆ ಉಳಿದದ್ದು ಎಸ್‌ಎಂಪಿಎಸ್. 450 ವ್ಯಾಟ್ ನಿಮ್ಮ ಕಾರ್ಡ್‌ಗೆ ಕಾಗದದ ಮೇಲೆ ಸಾಕು, ಆದರೆ ಕಳಪೆ ಎಸ್‌ಎಂಪಿಎಸ್ ಬರೆದಷ್ಟು ವ್ಯಾಟ್ ಕೊಡುವುದಿಲ್ಲ. ಕೊಳ್ಳುವ ಮುನ್ನ ಅಂಗಡಿಯವರ ಬಳಿ ಬೇರೊಂದನ್ನು ಹಾಕಿಸಿ ಪರೀಕ್ಷಿಸಿ. ಕೊಳ್ಳುವುದಾದರೆ 550 ವ್ಯಾಟ್‌ನ, 80 ಪ್ಲಸ್ ಬ್ರಾಂಜ್ ಎಂಬ ವಿದ್ಯುತ್ ದಕ್ಷತೆಯ ಗುರುತಿನದು ಸಾಕು. ಕಾರ್ಡ್‌ಗೆ ಹೋಗುವ ವೈರ್ ಮೋಲೆಕ್ಸ್ (ಹಳೆಯ ಮಾದರಿಯ ನಾಲ್ಕು ಪಿನ್ ಪ್ಲಗ್) ಕನ್ವರ್ಟರ್‌ನಿಂದಲ್ಲ, ಎಸ್‌ಎಂಪಿಎಸ್‌ನಿಂದಲೇ ನೇರ ಬರಲಿ. ಹಳೆಯ ಎಸ್‌ಎಂಪಿಎಸ್‌ನ ಬಿಡಿ ಕೇಬಲ್‌ಗಳನ್ನು ಹೊಸದಕ್ಕೆ ಬಳಸಬೇಡಿ, ಪಿನ್‌ಗಳ ಜೋಡಣೆ ಬೇರೆಯಿದ್ದರೆ ಕಾರ್ಡೇ ಸುಟ್ಟುಹೋಗಬಹುದು.