ಮೂರನೇ ಪ್ಯಾರಾದ ಹೊಳಪು

ಪ್ರಿಯ ಲೇಖಕರೇ,

ಅನ್ನನಾಳ, ಕರುಳಿನ ಕ್ಯಾನ್ಸರನ್ನು ಬೆಳಕಿನಿಂದ ಹುಡುಕುವ ಬಗೆ ಕುರಿತು ನೀವು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಓದಿಸಿಕೊಂಡೂ ಹೋಗುತ್ತದೆ. ಆದರೆ ಮೂರನೇ ಪ್ಯಾರಾಕ್ಕೆ ಬಂದಾಗ ಸಿಟ್ಟು ಬಂತು.

‘ನ್ಯಾರೋ ಬ್ಯಾಂಡ್ ಇಮೇಜಿಂಗ್‌ನ ನೀಲಿ ಕಿರಣ ಬಿದ್ದೊಡನೆ ಕ್ಯಾನ್ಸರ್ ಕೋಶಗಳು ಫಳಫಳ ಹೊಳೆಯುತ್ತವೆ.’

ಏನೂ ಹೊಳೆಯುವುದಿಲ್ಲ ಮಾರಾಯ್ರೇ! ನ್ಯಾರೋ ಬ್ಯಾಂಡ್ ಅಂದರೆ ಆಯ್ದ ಕಿರಿದಾದ ಪಟ್ಟಿಯ ಬೆಳಕು, ಅಷ್ಟೇ. ದೇಹದೊಳಗೆ ಇಳಿಸುವ ಕ್ಯಾಮೆರಾ ಕೊಳವೆಯಾದ ಎಂಡೋಸ್ಕೋಪ್‌ನಿಂದ ಬಿಡುವುದು 415 ನ್ಯಾನೋಮೀಟರ್ ಆಸುಪಾಸಿನ ನೀಲಿ, 540ರ ಆಸುಪಾಸಿನ ಹಸಿರು. ಎರಡನ್ನೂ ರಕ್ತದ ಹಿಮೋಗ್ಲೋಬಿನ್ ಚೆನ್ನಾಗಿ ಹೀರುತ್ತದೆ. ಹೀರಿದ ಜಾಗ ಪರದೆಯ ಮೇಲೆ ಗಾಢವಾಗುತ್ತದೆ. ನೀಲಿ ಆಳಕ್ಕೆ ಇಳಿಯುವುದಿಲ್ಲ, ಹಾಗಾಗಿ ಮೇಲ್ಪದರದ ಸಣ್ಣ ರಕ್ತನಾಳಗಳು ಕಂದಾಗಿ ಎದ್ದು ಕಾಣುತ್ತವೆ. ಅನ್ನನಾಳದಲ್ಲಿ ಕ್ಯಾನ್ಸರ್ ಶುರುವಾಗಿದ್ದರೆ ಕುಣಿಕೆಯಂಥ ಆ ನಾಳಗಳು ಉಬ್ಬಿ, ಸೊಟ್ಟಪಟ್ಟ ಆಗಿರುತ್ತವೆ. ವೈದ್ಯರ ಕಣ್ಣು ನಿಲ್ಲುವುದು ಆ ಕಂದು ಮಚ್ಚೆಯ ಮೇಲೆ.

ಬಹುಶಃ ನೀವು ಇದನ್ನು ಆಟೋಫ್ಲೋರೆಸೆನ್ಸ್ ಜೊತೆ, ಅಂದರೆ ಬೆಳಕು ಬಿದ್ದಾಗ ಅಂಗಾಂಶ ತಾನೇ ಹೊಳೆಯುವುದನ್ನು ನೋಡುವ ವಿಧಾನದ ಜೊತೆ, ಕಲಸಿಬಿಟ್ಟಿದ್ದೀರಿ. ಅಲ್ಲೂ ಹಸಿರಾಗಿ ಬೆಳಗುವುದು ಆರೋಗ್ಯವಾಗಿರುವ ಗೋಡೆ. ಕೆಟ್ಟ ಜಾಗ ಆ ಹೊಳಪು ಕಳೆದುಕೊಂಡು ಕೆನ್ನೇರಳೆಯಾಗುತ್ತದೆ. ಅನ್ನನಾಳದ ಗೋಡೆಗೆ ಸಿಂಪಡಿಸುವ ಹಳೆಯ ಅಯೋಡಿನ್ ದ್ರಾವಣದ ಕತೆಯೂ ಅಷ್ಟೇ. ಗ್ಲೈಕೋಜನ್ (ಕೋಶಗಳು ಕೂಡಿಟ್ಟ ಸಕ್ಕರೆ) ಇರುವ ಒಳ್ಳೆಯ ಪದರ ಕಂದು ಬಣ್ಣ ಹಿಡಿಯುತ್ತದೆ, ರೋಗ ಹತ್ತಿದ ಜಾಗ ಬಣ್ಣ ಹತ್ತದೆ ಉಳಿಯುತ್ತದೆ.

ಟ್ರೇನಿಯಾಗಿದ್ದಾಗ ನಾನೂ ‘ಎಕ್ಸ್‌ರೇ ಮೂಳೆಯನ್ನು ಬೆಳಗುತ್ತದೆ’ ಎಂದು ಬರೆದಿದ್ದೆ. ನಮ್ಮ ಸಂಪಾದಕರು ಬೈಯಲಿಲ್ಲ. ಡ್ರಾಯರ್‌ನಿಂದ ತಮ್ಮ ಮುರಿದ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಕಿಟಕಿಗೆ ಹಿಡಿದರು. ‘ಬಿಳಿ ಯಾಕಿದೆ ಹೇಳು?’ ನಾನು ಸುಮ್ನೆ ನಿಂತೆ. ‘ಕಿರಣ ಅಲ್ಲಿಗೆ ಸರಿಯಾಗಿ ಮುಟ್ಟಲೇ ಇಲ್ಲ ಕಣಯ್ಯಾ, ಮೂಳೆ ತಡೆದುಬಿಡ್ತು. ನೀನು ಚಂದದ ಪದ ಹುಡುಕ್ತಾ ಫಿಲ್ಮ್ ನೋಡೋದನ್ನೇ ಮರೆತೆ.’ ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಅದೇ ಪ್ಯಾರಾದ ಕೊನೆಗೆ ‘ಕ್ಯಾನ್ಸರ್ ಖಚಿತವಾಗುತ್ತದೆ’ ಎಂದಿದ್ದೀರಿ. ಖಚಿತವಾಗುವುದಿಲ್ಲ, ಅನುಮಾನ ಬರುತ್ತದೆ. ಆ ಜಾಗದಿಂದ ಚಿಮುಟದಲ್ಲಿ ಚೂರು ಕಿತ್ತು, ಬಯಾಪ್ಸಿಗೆ ಕಳಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲಷ್ಟೇ ಹೇಳಬಹುದು. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎಂಡೋಸ್ಕೋಪಿಗೆ ಹೋಗಬೇಕಾದವರೂ ನಮ್ಮನ್ನು ಓದುತ್ತಾರೆ, ಅಲ್ವಾ? ಪರದೆಯಲ್ಲಿ ಒಂದು ಮಚ್ಚೆ ಕಂಡರೆ ಅವರ ಎದೆ ಒಡೆದುಹೋಗುತ್ತದೆ.

ಈ ಒಂದು ಪ್ಯಾರಾ ಹೊಸದಾಗಿ ಬರೆದು ಶುಕ್ರವಾರದೊಳಗೆ ಕಳಿಸಿ. ಶೀರ್ಷಿಕೆಯಲ್ಲಿದ್ದ ‘ಮಿನುಗುವ ಮಾರಿ’ಯನ್ನು ನಾನೇ ಹೊಡೆದುಹಾಕಿದ್ದೇನೆ.