ಮನೆಯ ಸರ್ವರ್‌ಗೆ ನಾನಾದರೆ ಫ್ರೀಬಿಎಸ್‌ಡಿ

ಬಸವನಗುಡಿಯ ಮನೆಯಲ್ಲಿ ಹಳೆಯ ಡೆಸ್ಕ್‌ಟಾಪನ್ನು ಫೋಟೊ, ದಾಖಲೆ ಇಡುವ ಸರ್ವರ್ ಮಾಡಲು ಫ್ರೀಬಿಎಸ್‌ಡಿಯೋ, ಓಪನ್‌ಬಿಎಸ್‌ಡಿಯೋ, ಡೆಬಿಯನ್ನೋ, ಈ ಮೂರು ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಯಾವುದು ಎಂದು ಕೇಳಿದ್ದೀರಿ. ನಾನಾದರೆ ಫ್ರೀಬಿಎಸ್‌ಡಿ ಹಾಕುತ್ತೇನೆ. ಕಾರಣ ಜೆಡ್‌ಎಫ್‌ಎಸ್, ಅಂದರೆ ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ಒಂದು ವ್ಯವಸ್ಥೆ (ಫೈಲ್ ಸಿಸ್ಟಮ್). ಅದನ್ನು ಇನ್‌ಸ್ಟಾಲ್ ಮಾಡುವಾಗಲೇ ಆರಿಸಿಕೊಳ್ಳಬಹುದು. ಅದು ಹಳೆಯ ದತ್ತಾಂಶವನ್ನು ತಿದ್ದದೆ ಹೊಸ ಜಾಗದಲ್ಲಿ ಬರೆದು, ಆಮೇಲೆ ಕೊಂಡಿ ಬದಲಿಸುತ್ತದೆ; ಹಾಗಾಗಿ ಬರೆಯುವ ನಡುವೆ ಕರೆಂಟ್ ಹೋದರೂ ಹಳೆಯದು ಹಾಗೇ ಉಳಿದಿರುತ್ತದೆ. ನಾಲ್ಕು ಹನಿ ಮಳೆಗೆ ಕರೆಂಟ್ ಹೋಗುವ ನಮ್ಮ ಬಡಾವಣೆಗಳಿಗೆ ಇದು ಸಣ್ಣ ಮಾತಲ್ಲ (ಯುಪಿಎಸ್ ಬೇಡವೆಂದಲ್ಲ!). ಎಸ್.ಪಿ. ರಸ್ತೆಯಿಂದ ಒಂದೇ ಅಳತೆಯ ಎರಡು ಡಿಸ್ಕ್ ತಂದು ಮಿರರ್ ಮಾಡಿ, ಅಂದರೆ ಎರಡರಲ್ಲೂ ಒಂದೇ ಪ್ರತಿ ಇರುವಂತೆ ಮಾಡಿ.

1995ರಲ್ಲಿ ನೆಟ್‌ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಿಂದ ಕವಲೊಡೆದ ಓಪನ್‌ಬಿಎಸ್‌ಡಿ ಫೈರ್‌ವಾಲ್‌ಗೆ (ನೆಟ್‌ವರ್ಕ್ ಕಾಯುವ ಕೆಲಸಕ್ಕೆ) ಬಹಳ ಸೊಗಸು, ಆದರೆ ಅದರಲ್ಲಿ ಜೆಡ್‌ಎಫ್‌ಎಸ್ ಇಲ್ಲ. ಡೆಬಿಯನ್‌ನಲ್ಲಿ ಪರವಾನಗಿಯ ತಕರಾರಿನಿಂದಾಗಿ ಅದನ್ನು ಪ್ರತ್ಯೇಕವಾಗಿ ಸೇರಿಸಬೇಕು. ವೈಫೈ ನಂಬಬೇಡಿ, ಲ್ಯಾನ್ ತಂತಿ ಎಳೆಯಿರಿ. ಡಾಕರ್ (ಆಪ್‌ಗಳನ್ನು ಬೇರೆ ಬೇರೆ ಪೊಟ್ಟಣಗಳಲ್ಲಿಟ್ಟು ಓಡಿಸುವ ಸಾಧನ) ಬೇಕೇ ಬೇಕು ಎನ್ನುವುದಾದರೆ ಮಾತ್ರ ಡೆಬಿಯನ್.